ಬೀಗದ ಕೈ ಸಿಗುವ ಮೊದಲು, ಸಿಕ್ಕ ಮೇಲೆ

ಅಪ್ಪನ ಹತ್ತಿರ ಮನೆ ಸಾಲದ ಒಂದು ಕಂತಿನ ಪುಸ್ತಕವಿದೆ. ನೀಲಿ ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ. ಒಳಗೆ ಅವರೇ ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಾಲಂ: ತಾರೀಖು, ಬಡ್ಡಿ, ಅಸಲು, ಬಾಕಿ. ಇಪ್ಪತ್ತು ವರ್ಷಕ್ಕೆ ಇನ್ನೂರ ನಲವತ್ತು ಸಾಲು. ಒಂದು ಸಾಲೂ ತಪ್ಪಿಲ್ಲ. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಹಾಕಿ, ಪಕ್ಕದಲ್ಲಿ ಪುಟ್ಟದಾಗಿ ರುಜು ಮಾಡಿದ್ದಾರೆ.

ಕಳೆದ ತಿಂಗಳು ಒಂದು ಸಂಜೆ ಆ ಪುಸ್ತಕ ಮತ್ತೆ ಬೀರುವಿನಿಂದ ಹೊರಗೆ ಬಂತು. ನನ್ನ ಮಗಳಿಗೆ ಈಗ ಮೂವತ್ತೊಂದು. ಬಾಡಿಗೆ ಮನೆಯ ಕರಾರು ಮುಗಿಯುತ್ತಾ ಬಂದಿತ್ತು, ಬಾಡಿಗೆ ಏರಿಸುತ್ತೇವೆಂದು ಮಾಲೀಕರು ಹೇಳಿ ಕಳಿಸಿದ್ದರು. ಆ ಬೇಸರದಲ್ಲೇ ಬಂದವಳು, "ತಾತ, ನಿಮ್ಮ ಕಾಲದಲ್ಲಿ ಹುಟ್ಟಿದ್ದರೆ ನನ್ನ ಸಂಬಳಕ್ಕೆ ಇಷ್ಟೊತ್ತಿಗೆ ಸ್ವಂತ ಮನೆ ಆಗಿರೋದು" ಎಂದಳು. ಅಪ್ಪ ಮಾತಾಡಲಿಲ್ಲ. ಎದ್ದು ಹೋಗಿ ಪುಸ್ತಕ ತಂದು ಅವಳ ಮುಂದಿಟ್ಟು, "ಮೊದಲನೇ ಪುಟ ಓದಮ್ಮ" ಎಂದರು.

ಅವಳು ಓದಿದಳು. ಅಪ್ಪ ಸಾಲ ತೆಗೆದದ್ದು ನೂರಕ್ಕೆ ಹದಿನೈದರ ಬಡ್ಡಿಗೆ, ಇಪ್ಪತ್ತು ವರ್ಷದ ಅವಧಿಗೆ. ಆ ಲೆಕ್ಕದಲ್ಲಿ ಮೊದಲ ಕಂತಿನ ಪ್ರತಿ ನೂರರಲ್ಲಿ ತೊಂಬತ್ತೈದು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಐದು. ಐದು ವರ್ಷ ಒಂದು ತಿಂಗಳೂ ಬಿಡದೆ ಕಟ್ಟಿದ ಮೇಲೆ ಅಸಲು ಕರಗಿರುವುದು ನೂರಕ್ಕೆ ಆರು. ಹತ್ತು ವರ್ಷ ಅಂದರೆ ಅರ್ಧ ದಾರಿ ಮುಗಿದಾಗಲೂ ನೂರಕ್ಕೆ ಎಂಬತ್ತೆರಡು ಬಾಕಿ. ಅವಳು ಪುಟ ತಿರುವುತ್ತಾ ಬಾಕಿಯ ಕಾಲಂ ಮೇಲೆ ಬೆರಳಾಡಿಸಿದಳು. ಅಂಕಿ ಇಳಿಯುವುದೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮೆಲ್ಲಗೆ ಹೇಳಿದಳು: "ಕಷ್ಟ ಪಟ್ಟಿದ್ದೀರಿ ತಾತ, ಇಲ್ಲ ಅನ್ನಲ್ಲ. ಆದರೆ ನೀವು ಒಳಗೆ ಬಂದಿರಲ್ಲ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಗೃಹಸಾಲ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೇಜಿನ ಆಚೆ ಕೂತವರ ಸಂಬಳದ ಚೀಟಿ, ಕ್ರಯಪತ್ರ, ಜಾಮೀನುದಾರರ ರುಜು, ಎಲ್ಲವನ್ನೂ ಈ ಕೈಗಳಲ್ಲೇ ಹಿಡಿದಿದ್ದೇನೆ. ಹಾಗಿದ್ದೂ ಅಪ್ಪ ಸರಿಯೋ ಮಗಳು ಸರಿಯೋ ಎಂದು ಥಟ್ಟನೆ ಹೇಳಲು ಬರಲಿಲ್ಲ. ಅಂದು ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ.

ಹಣದ ಮೊತ್ತವನ್ನು ಬಿಟ್ಟುಬಿಟ್ಟೆ. ಮೂವತ್ತು ನಲವತ್ತು ವರ್ಷದ ಹಿಂದಿನ ಬೆಲೆಯನ್ನೂ ಇಂದಿನ ಬೆಲೆಯನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಸಂಬಳದಲ್ಲಿ ಅಳೆದೆ. ಅಪ್ಪನ ಮಾದರಿ: ಎರಡೂವರೆ ವರ್ಷದ ಸಂಬಳದಷ್ಟು ಸಾಲ, ಬಡ್ಡಿ 15, ಅವಧಿ 20 ವರ್ಷ. ಇಂದಿನ ಮಾದರಿ: ಐದು ವರ್ಷದ ಸಂಬಳದಷ್ಟು ಸಾಲ, ಬಡ್ಡಿ 7, ಅವಧಿ 30 ವರ್ಷ. ತಿಂಗಳ ಕಂತು ಸಂಬಳದ ಎಷ್ಟು ಪಾಲು ಎಂದು ಲೆಕ್ಕ ಹಾಕಿದೆ. ಅಪ್ಪನದು ನೂರಕ್ಕೆ ನಲವತ್ತು. ಇಂದಿನದೂ ನೂರಕ್ಕೆ ನಲವತ್ತು. ಎಲ್ಲೋ ತಪ್ಪಿದೆ ಅನ್ನಿಸಿ ಇನ್ನೊಂದು ಸಲ ಹಾಕಿದೆ. ಅದೇ ಬಂತು.

ಕಂತು ಒಂದೇ ಆಗಿದ್ದರೆ ಜಗಳ ಯಾತಕ್ಕೆ? ಕಂತು ಶುರುವಾಗುವುದಕ್ಕೆ ಮೊದಲಿನ ವರ್ಷಗಳನ್ನು ನೋಡಬೇಕು. ಸಾಲ ಕೊಡುವವರು ಮನೆಯ ಬೆಲೆಯ ನೂರಕ್ಕೆ ಎಂಬತ್ತು ಕೊಡುತ್ತಾರೆ, ಉಳಿದ ಇಪ್ಪತ್ತನ್ನು ಕೊಳ್ಳುವವರು ಕೈಯಿಂದ ಹಾಕಬೇಕು ಅಂದುಕೊಳ್ಳಿ. ನಮ್ಮ ವಿಭಾಗದಲ್ಲಿ ಅದನ್ನು ಮಾರ್ಜಿನ್ ಮನಿ ಎನ್ನುತ್ತಿದ್ದೆವು. ಅಪ್ಪನ ಮಾದರಿಯಲ್ಲಿ ಅದು ಏಳೂವರೆ ತಿಂಗಳ ಸಂಬಳ. ಇಂದಿನ ಮಾದರಿಯಲ್ಲಿ ಹದಿನೈದು ತಿಂಗಳ ಸಂಬಳ. ಸಂಬಳದ ಹತ್ತನೇ ಒಂದು ಪಾಲು ಎತ್ತಿಡುವವರಿಗೆ ಮೊದಲನೆಯದಕ್ಕೆ ಆರು ವರ್ಷ ಮೂರು ತಿಂಗಳು ಬೇಕು, ಎರಡನೆಯದಕ್ಕೆ ಹನ್ನೆರಡೂವರೆ ವರ್ಷ. ಅದೂ ಅಷ್ಟು ಕಾಲ ಮನೆಯ ಬೆಲೆ ಸಂಬಳದ ಜೊತೆಗೇ ನಡೆದರೆ. ಬೆಲೆ ಮುಂದೆ ಓಡಿದರೆ ಹನ್ನೆರಡೂವರೆಯೂ ಸಾಲದು. ಈ ವರ್ಷಗಳಲ್ಲೆಲ್ಲ ಬಾಡಿಗೆ ಕಟ್ಟುತ್ತಲೇ ಇರಬೇಕು ಎಂಬುದು ಬೇರೆ.

ಇನ್ನು ಬೀಗದ ಕೈ ಸಿಕ್ಕ ಮೇಲಿನ ವರ್ಷಗಳು. ಅಪ್ಪನ ಪುಸ್ತಕದ ಅಂಚಿನಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಆಗಿನ ಸಂಬಳ ಬರೆದಿದೆ. ಅವರ ಕಾಲದಲ್ಲಿ ಬಡ್ಡಿ ಏರಿದ್ದು ಬೆಲೆಗಳೆಲ್ಲ ಏರುತ್ತಿದ್ದವು ಎಂಬ ಕಾರಣಕ್ಕೇ, ಮತ್ತು ಬೆಲೆಗಳ ಹಿಂದೆ ಸಂಬಳವೂ ಏರುತ್ತಿತ್ತು. ವರ್ಷಕ್ಕೆ ನೂರಕ್ಕೆ ಒಂಬತ್ತರಂತೆ ಸಂಬಳ ಏರಿದರೆ ಎಂಟು ವರ್ಷಕ್ಕೆ ಎರಡರಷ್ಟಾಗುತ್ತದೆ. ಕಂತು ಮಾತ್ರ ಇದ್ದಲ್ಲೇ ಇರುತ್ತದೆ. ನಲವತ್ತರ ಪಾಲು ಎಂಟನೇ ವರ್ಷಕ್ಕೆ ಇಪ್ಪತ್ತಾಗುತ್ತದೆ, ಇಪ್ಪತ್ತನೇ ವರ್ಷಕ್ಕೆ ಏಳು. ಸಂಬಳ ವರ್ಷಕ್ಕೆ ನಾಲ್ಕರಂತೆ ಏರುವ ಇಂದಿನ ಮಾದರಿಯಲ್ಲಿ ನಲವತ್ತು ಇಪ್ಪತ್ತಕ್ಕೆ ಇಳಿಯಲು ಹದಿನೆಂಟು ವರ್ಷ ಬೇಕು. ಬಾಕಿಯ ಕಾಲಂ ಇಳಿಯದೆ ನಿಂತಿದ್ದಾಗ ಅಂಚಿನ ಪೆನ್ಸಿಲ್ ಅಂಕಿಗಳು ಸದ್ದಿಲ್ಲದೆ ಅಪ್ಪನ ಭಾರ ಇಳಿಸುತ್ತಿದ್ದವು. ಮೊದಲ ಮೂರು ವರ್ಷ ಹೇಗಿತ್ತು ಎಂದು ಅವರನ್ನು ಕೇಳಿದರೆ ತಿಂಗಳು ತಿಂಗಳಿನ ಕಥೆ ಹೇಳುತ್ತಾರೆ. ಕೊನೆಯ ಮೂರು ವರ್ಷ ಹೇಗಿತ್ತು ಎಂದರೆ, "ಕಟ್ಟಿದ್ದು ನೆನಪೇ ಇಲ್ಲ" ಎನ್ನುತ್ತಾರೆ.

ಆದರೆ ಆ ಮೊದಲ ವರ್ಷಗಳನ್ನು ನಾನು ಹಗುರ ಮಾಡಿ ಹೇಳಲಾರೆ. ಸಾಲದ ಮೊದಲ ಚಳಿಗಾಲದಲ್ಲಿ ನನ್ನ ಶಾಲೆಯ ಬೂಟಿನ ಅಟ್ಟೆ ಸೀಳಿತ್ತು. ಅಪ್ಪ ಒಳಗೆ ದಪ್ಪ ರಟ್ಟು ಕತ್ತರಿಸಿ ಇಟ್ಟು, ಮೇಲಿನ ತಿಂಗಳು ನೋಡೋಣ ಎಂದಿದ್ದರು. ಮೇಲಿನ ತಿಂಗಳು ರಟ್ಟು ಬದಲಾಯಿತು, ಬೂಟು ಬದಲಾಗಲಿಲ್ಲ. ಅಮ್ಮನ ಕೈಬಳೆ ಎರಡು ಸಲ ಗಿರವಿಗೆ ಹೋಗಿ ಬಂದವು. ಸಂಬಳದ ನೂರಕ್ಕೆ ನಲವತ್ತು ಕಂತಿಗೆ ಹೋದ ಮೇಲೆ ಉಳಿದ ಅರವತ್ತರಲ್ಲಿ ಬದುಕುವುದು ಆಗ ಬೇರೆ ರೀತಿಯ ಬಿಗಿ. ಸಂಸಾರದ ದಿನದ ಖರ್ಚೇ ಅದನ್ನು ನುಂಗುತ್ತಿತ್ತು. ಇಂದಿನ ಅರವತ್ತರಲ್ಲಿ ಇನ್ನಷ್ಟು ವಸ್ತು ಬರುತ್ತವೆ ಎಂಬುದು ನಿಜ.

ಅಪ್ಪನ ಹಾಗೆ ದಡ ಮುಟ್ಟದೆ ಹೋದವರೂ ಆ ತಲೆಮಾರಿನಲ್ಲಿ ಬೇಕಾದಷ್ಟು ಜನ. ಅಮೆರಿಕದಲ್ಲಿ 1981ರ ಅಕ್ಟೋಬರ್‌ನಲ್ಲಿ ಮೂವತ್ತು ವರ್ಷದ ಗೃಹಸಾಲದ ಸರಾಸರಿ ಬಡ್ಡಿ 18.6 ಮುಟ್ಟಿತ್ತು. ಬ್ರಿಟನ್ನಿನ ಕೇಂದ್ರ ಬ್ಯಾಂಕಿನ ದರ 1979ರ ನವೆಂಬರ್‌ನಲ್ಲಿ 17ಕ್ಕೆ ಏರಿತ್ತು, ಇಳಿದು ಮತ್ತೆ 1989ರಲ್ಲಿ 15ಕ್ಕೆ ಬಂತು. ಆಗ ಅಲ್ಲಿ ಹೆಚ್ಚಿನವರ ಸಾಲ ಬದಲಾಗುವ ಬಡ್ಡಿಯದಾಗಿತ್ತು. ಬಡ್ಡಿ ಏರಿದರೆ ಕಂತೂ ಏರುತ್ತದೆ. ಅದರ ಹಿಂದೆಯೇ ಮನೆಗಳ ಬೆಲೆ ಬಿತ್ತು, ಕೆಲಸಗಳು ಹೋದವು. 1991ರ ಒಂದೇ ವರ್ಷದಲ್ಲಿ ಸಾಲ ಕೊಟ್ಟವರು 75 ಸಾವಿರಕ್ಕೂ ಹೆಚ್ಚು ಮನೆಗಳನ್ನು ವಶಕ್ಕೆ ತೆಗೆದುಕೊಂಡರು. ಅದೇ ಹೊತ್ತಿಗೆ ಜಪಾನಿನಲ್ಲಿ ಭೂಮಿಯ ಬೆಲೆ ಕುಸಿಯಲು ಶುರುವಾಗಿ ಹತ್ತು ವರ್ಷ ಮೀರಿದರೂ ನಿಲ್ಲಲಿಲ್ಲ. ಏರಿಕೆಯ ತುದಿಯಲ್ಲಿ ಕೊಂಡವರು ಮನೆ ಮಾರಿದರೂ ತೀರದ ಸಾಲಕ್ಕೆ ಕಂತು ಕಟ್ಟುತ್ತಾ ಉಳಿದರು. ಹಿರಿಯರಿಗೆಲ್ಲ ಸಲೀಸಾಗಿತ್ತು ಎನ್ನುವವರು ಇವರನ್ನು ಮರೆತಿರುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಕಂತಿನ ಪುಸ್ತಕವೇ ಇರಲಿಲ್ಲ. ಅಮೆರಿಕದಲ್ಲಿ 1930ರ ದಶಕದವರೆಗೆ ಗೃಹಸಾಲವೆಂದರೆ ಸಾಮಾನ್ಯವಾಗಿ ಐದೋ ಹತ್ತೋ ವರ್ಷದ್ದು, ಮನೆಯ ಬೆಲೆಯ ಅರ್ಧದ ಆಸುಪಾಸಿನದು. ಎಷ್ಟೋ ಸಾಲಗಳಲ್ಲಿ ಆ ವರ್ಷಗಳುದ್ದಕ್ಕೂ ಕಟ್ಟುವುದು ಬರೀ ಬಡ್ಡಿ, ಕೊನೆಯ ದಿನ ಅಸಲು ಅಷ್ಟನ್ನೂ ಒಟ್ಟಿಗೆ ಇಡಬೇಕು ಅಥವಾ ಸಾಲ ನವೀಕರಿಸಿಕೊಡಿ ಎಂದು ಬೇಡಬೇಕು. ಮಹಾ ಆರ್ಥಿಕ ಕುಸಿತದಲ್ಲಿ ನವೀಕರಿಸುವವರಿಲ್ಲದೆ ಮನೆಗಳು ಹರಾಜಾದವು. 1933 ಮತ್ತು 1934ರಲ್ಲಿ ಅಲ್ಲಿನ ಸರ್ಕಾರ ಕೈಹಾಕಿದ ಮೇಲೆ, ಪ್ರತಿ ಕಂತಿನಲ್ಲೂ ಬಡ್ಡಿಯ ಜೊತೆ ಸ್ವಲ್ಪ ಅಸಲು ತೀರುವ ದೀರ್ಘಾವಧಿ ಸಾಲ ರೂಢಿಗೆ ಬಂತು. ಅಪ್ಪನ ಪುಸ್ತಕದ ಅಸಲಿನ ಕಾಲಂನಲ್ಲಿರುವ ಆ ಐದೈದು ಕೂಡ ಮುತ್ತಜ್ಜಂದಿರಿಗೆ ಸಿಕ್ಕಿರಲಿಲ್ಲ.

ಇಷ್ಟು ಬರೆದ ಮೇಲೆ ಅತ್ತೆಯ ಬಗ್ಗೆ ಹೇಳದೆ ಇರಲಾರೆ.

ಅತ್ತೆ ಅಪ್ಪನಿಗೆ ಅಕ್ಕ, ಎರಡು ವರ್ಷ ದೊಡ್ಡವರು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮದುವೆ ಆಗಲಿಲ್ಲ. ಅಪ್ಪ ಸಾಲ ತೆಗೆದ ವರ್ಷ ಅತ್ತೆಯ ಸಂಬಳ ಅಪ್ಪನದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು, ಉಳಿತಾಯವೂ ಇತ್ತು. ತಮ್ಮನಿಗೆ ಸಾಲ ಸಿಕ್ಕಿದ್ದು ನೋಡಿ ತಾವೂ ಅರ್ಜಿ ಹಾಕಿದರು. ಅಲ್ಲಿ ಕೂತಿದ್ದವರು ಸಂಬಳದ ಚೀಟಿ ನೋಡುವುದಕ್ಕೂ ಮೊದಲು, "ಯಜಮಾನರು ಬಂದಿಲ್ಲವೇ?" ಎಂದು ಕೇಳಿದರಂತೆ. ಯಜಮಾನರಿಲ್ಲ ಎಂದಾಗ, ಹಾಗಾದರೆ ಮನೆಯ ಗಂಡಸರೊಬ್ಬರು ಜೊತೆಗೆ ರುಜು ಹಾಕಲಿ ಎಂದರು. ಅಪ್ಪ ಹೋದರು. ಆಗಷ್ಟೇ ಸಾಲ ತೆಗೆದವರ ಜಾಮೀನು ನಡೆಯುವುದಿಲ್ಲ ಎಂದು ಅವರನ್ನೂ ವಾಪಸ್ ಕಳಿಸಿದರು. ಅತ್ತೆ ಮತ್ತೆ ಅರ್ಜಿ ಹಾಕಲಿಲ್ಲ. ಒಂಬತ್ತು ಬಾಡಿಗೆ ಮನೆ ಬದಲಾಯಿಸಿದರು. ಒಂಬತ್ತನೆಯದರಲ್ಲಿ ತೀರಿಕೊಂಡರು. ಅವರ ಕಾಗದಪತ್ರ ವಿಲೇವಾರಿ ಮಾಡುವಾಗ ಆ ಅರ್ಜಿಯ ಪ್ರತಿ ನನಗೆ ಸಿಕ್ಕಿತು. ಗಂಡನ ಹೆಸರು ಬರೆಯುವ ಜಾಗದಲ್ಲಿ ನೀಟಾಗಿ ಒಂದು ಅಡ್ಡಗೆರೆ. ಆ ಹೊತ್ತಿಗೆ ನಾನೇ ಸಾಲದ ಅರ್ಜಿ ನೋಡುವ ಕೆಲಸದಲ್ಲಿದ್ದೆ. ಬಹಳ ಹೊತ್ತು ಆ ಕಾಗದ ಹಿಡಿದು ಕೂತಿದ್ದೆ. ಎಲ್ಲ ಅಂಕಿಗಳೂ ಸರಿಯಿದ್ದ ಅರ್ಜಿ ಅದು. ನನ್ನ ಮೇಜಿಗೆ ಬಂದಿದ್ದರೆ ಅದೇ ದಿನ ಮಂಜೂರಿಗೆ ಬರೆಯುತ್ತಿದ್ದೆ.

ಇದು ಅತ್ತೆಯೊಬ್ಬರ ಪಾಡಲ್ಲ. ಸಾಲ ಕೊಡುವಾಗ ಹೆಣ್ಣೆಂದು, ಮದುವೆ ಆಗಿದೆ ಆಗಿಲ್ಲ ಎಂದು ಭೇದ ಮಾಡಬಾರದೆಂದು ಅಮೆರಿಕದಲ್ಲಿ ಕಾನೂನು ಬಂದದ್ದು 1974ರಲ್ಲಿ, ಬ್ರಿಟನ್ನಿನಲ್ಲಿ 1975ರಲ್ಲಿ. ಅಮೆರಿಕದ ಕಪ್ಪು ಜನರ ಕಥೆ ಇನ್ನೂ ಕಠಿಣ. ಅವರಿದ್ದ ಬಡಾವಣೆಗಳಿಗೆ ನಕ್ಷೆಯ ಮೇಲೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಗುರುತು ಹಾಕಿದ್ದರು. ಮನೆ ಮಾರುವುದರಲ್ಲಿ, ಬಾಡಿಗೆಗೆ ಕೊಡುವುದರಲ್ಲಿ ಜನಾಂಗಭೇದ ಸಲ್ಲದೆಂಬ ಕಾನೂನು ಬಂದದ್ದು 1968ರಲ್ಲಿ. ಅಷ್ಟರೊಳಗೆ ಬಿಳಿಯರ ಒಂದು ತಲೆಮಾರು ಅಗ್ಗದ ಸಾಲದಲ್ಲಿ ಮನೆ ಮಾಡಿಕೊಂಡು ಮುಗಿಸಿತ್ತು. ಆಗ ಸುಲಭವಿತ್ತು ಎನ್ನುವ ಮಾತು ಬಂದಾಗಲೆಲ್ಲ ಲೆಕ್ಕಕ್ಕೆ ಬರುವುದು ಅಪ್ಪನಂಥವರು. ಅತ್ತೆಯನ್ನು ಯಾರೂ ಎಣಿಸುವುದಿಲ್ಲ. ನನ್ನ ಮಗಳಿಗೆ ಇಂದು ಅವಳ ಸಂಬಳವೊಂದನ್ನೇ ನೋಡಿ ಸಾಲ ಕೊಡುತ್ತಾರೆ, ಯಜಮಾನರು ಯಾರೆಂದು ಕೇಳುವುದಿಲ್ಲ. ಇದು ಸಣ್ಣ ವಿಷಯವಲ್ಲ. ಇದನ್ನು ನೋಡಲು ಅತ್ತೆ ಇರಬೇಕಿತ್ತು.

ಹಾಗಾದರೆ ಮಗಳು ಹೇಳಿದ್ದು ತಪ್ಪೇ? ಇಲ್ಲ. ಅವಳ ದೂರು ಬಾಗಿಲಿನ ಬಗ್ಗೆ, ಅದು ನಿಜವಾದ ದೂರು. ಇಂಗ್ಲೆಂಡಿನಲ್ಲಿ 1997ರಲ್ಲಿ ಮಧ್ಯಮ ಮಟ್ಟದ ಮನೆಯ ಬೆಲೆ ಮಧ್ಯಮ ಮಟ್ಟದ ವಾರ್ಷಿಕ ಸಂಬಳದ ಮೂರೂವರೆಯಷ್ಟಿತ್ತು. 2021ರ ಹೊತ್ತಿಗೆ ಅದು ಒಂಬತ್ತರಷ್ಟರ ಸುತ್ತಮುತ್ತ ಬಂತು. ಅಮೆರಿಕದಲ್ಲಿ ಮೊದಲ ಮನೆ ಕೊಳ್ಳುವವರ ಮಧ್ಯಾಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಚಿಕ್ಕವರು, ಅರ್ಧ ಜನ ದೊಡ್ಡವರು) 1980ರ ದಶಕದಲ್ಲಿ ಮೂವತ್ತರ ಆಸುಪಾಸಿನಲ್ಲಿತ್ತು, ಅಲ್ಲಿನ ರಿಯಲ್ ಎಸ್ಟೇಟ್ ವ್ಯವಹಾರಸ್ಥರ ಸಂಘದ 2024ರ ಸಮೀಕ್ಷೆಯಲ್ಲಿ 38. ಎಂಟು ವರ್ಷ ಅಂದರೆ ಒಂದು ಮಗು ಹುಟ್ಟಿ ಮೂರನೇ ತರಗತಿಗೆ ಹೋಗುವಷ್ಟು ಕಾಲ.

ಬಡ್ಡಿ ಇಳಿದರೆ ಕೊಳ್ಳುವವರಿಗೆ ಲಾಭ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಂಬಿದ್ದೆ. ಕಂಡದ್ದು ಬೇರೆ. ತಿಂಗಳಿಗೆ ಇಷ್ಟು ಕಂತು ಕಟ್ಟಬಲ್ಲೆ ಎಂದು ಬಂದವರಿಗೆ, ಬಡ್ಡಿ ಇಳಿದಾಗ ಅದೇ ಕಂತಿಗೆ ನಾವು ಹೆಚ್ಚು ಸಾಲ ಬರೆದೆವು. ಎಲ್ಲರ ಕೈಗೂ ಹೆಚ್ಚು ಸಾಲ ಬಂತು, ಮನೆಗಳು ಮಾತ್ರ ಅಷ್ಟೇ ಇದ್ದವು. ಮಾರುವವರು ಬೆಲೆ ಏರಿಸಿದರು. ಗಂಡ ಹೆಂಡತಿ ಇಬ್ಬರ ಸಂಬಳವನ್ನೂ ಸೇರಿಸಿ ಸಾಲ ಕೊಡಲು ಶುರುಮಾಡಿದಾಗಲೂ ಹೀಗೇ ಆಯಿತು. ಮೊದಮೊದಲು ಇಬ್ಬರು ದುಡಿಯುವವರಿಗೆ ಅನುಕೂಲ. ಎಲ್ಲರೂ ಇಬ್ಬರಾದ ಮೇಲೆ ಬೆಲೆ ಇಬ್ಬರ ಮಟ್ಟಕ್ಕೆ ಏರಿ ನಿಂತಿತು. ಒಬ್ಬರೇ ದುಡಿಯುವವರು ಹಿಂದೆ ಉಳಿದರು. ಅತ್ತೆ ಇಂದು ಬಂದಿದ್ದರೆ ರುಜು ಕೇಳುತ್ತಿರಲಿಲ್ಲ, ಆದರೆ ಒಬ್ಬರ ಸಂಬಳ ಸಾಲದು ಎನ್ನುತ್ತಿದ್ದರೇನೋ. ಈ ಯೋಚನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಂದಿನವರು ದುಂದು ಮಾಡುತ್ತಾರೆ, ಅದಕ್ಕೇ ಮನೆ ಆಗುವುದಿಲ್ಲ ಎಂದು ನನ್ನ ವಯಸ್ಸಿನವರು ಹೇಳುವುದುಂಟು. ಇದನ್ನೂ ಸಂಬಳದಲ್ಲೇ ಅಳೆಯೋಣ. ಎರಡು ವರ್ಷಕ್ಕೊಮ್ಮೆ ಅರ್ಧ ತಿಂಗಳ ಸಂಬಳ ಕೊಟ್ಟು ಹೊಸ ಫೋನ್ ಕೊಳ್ಳುವ ಹುಡುಗ ಅದನ್ನು ಪೂರ್ತಿ ಬಿಟ್ಟರೆ ಹತ್ತು ವರ್ಷಕ್ಕೆ ಉಳಿಯುವುದು ಎರಡೂವರೆ ತಿಂಗಳ ಸಂಬಳ. ಬೇಕಿರುವುದು ಹದಿನೈದು. ದೊಡ್ಡ ಮನೆಯೇ ಬೇಕೆಂದು ಹಟ ಹಿಡಿಯುತ್ತಾರೆ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. 1950ರಲ್ಲಿ ಅಮೆರಿಕದಲ್ಲಿ ಕಟ್ಟುತ್ತಿದ್ದ ಹೊಸ ಮನೆ ಸರಾಸರಿ ಸಾವಿರ ಚದರಡಿಯಷ್ಟಿತ್ತು, ಈಗ ಎರಡು ಸಾವಿರವನ್ನು ಎಂದೋ ದಾಟಿದೆ. ಆದರೆ ನಿವೇಶನಕ್ಕೇ ಅಷ್ಟು ಸುರಿದ ಮೇಲೆ ಅದರ ಮೇಲೆ ಪುಟ್ಟ ಮನೆ ಕಟ್ಟಿ ಮಾರಲು ಯಾರು ಮುಂದೆ ಬರುತ್ತಾರೆ? ಎರಡು ಕೋಣೆಯ ಸಾದಾ ಮನೆ ಸಾಕು ಎಂದು ನನ್ನ ಮೇಜಿಗೆ ಬಂದ ಎಷ್ಟೋ ಜೋಡಿಗಳು ಅಂಥದ್ದು ಹುಡುಕಿ ಹುಡುಕಿ ಸೋತು ವಾಪಸಾದದ್ದು ನನಗೆ ಗೊತ್ತು.

ನನ್ನ ತೀರ್ಮಾನವನ್ನು ಮುಚ್ಚಿಡುವುದಿಲ್ಲ. ಬಾಗಿಲಿನೊಳಗೆ ಬಿಟ್ಟುಕೊಂಡವರ ಮಟ್ಟಿಗೆ ಹಿಂದಿನ ಕಷ್ಟ ಬೀಗದ ಕೈ ಸಿಕ್ಕ ಮೇಲೆ ಬರುತ್ತಿತ್ತು, ವರ್ಷ ಕಳೆದಂತೆ ಕರಗುತ್ತಿತ್ತು. ಇಂದಿನ ಕಷ್ಟ ಬೀಗದ ಕೈ ಸಿಗುವ ಮೊದಲೇ ಬರುತ್ತದೆ, ಕರಗುವುದೂ ನಿಧಾನ. ಮೈಮುರಿದು ದುಡಿದರೂ ಆ ಮೊದಲ ಮೊತ್ತ ಕೈಗೂಡದಿದ್ದಾಗ ಜನ ಎತ್ತ ನೋಡುತ್ತಾರೆಂಬುದನ್ನು ಕೊನೆಯ ಹತ್ತು ವರ್ಷ ದಿನವೂ ನೋಡಿದ್ದೇನೆ. ಮಾರ್ಜಿನ್ ಮನಿ ಎಲ್ಲಿಂದ ಬರುತ್ತದೆ ಎಂದು ಬರೆಯುವ ಅಂಕಣ ಅರ್ಜಿಯಲ್ಲಿತ್ತು. ನಾನು ಸೇರಿದ ಕಾಲಕ್ಕೆ ಅಲ್ಲಿ ಹೆಚ್ಚಾಗಿ 'ಸ್ವಂತ ಉಳಿತಾಯ' ಎಂದಿರುತ್ತಿತ್ತು. ಬರಬರುತ್ತಾ 'ತಂದೆಯಿಂದ', 'ತಾಯಿಯಿಂದ', 'ಮಾವನವರಿಂದ'. ಹಾಗೆ ಬರೆಯಲು ಯಾರೂ ಇಲ್ಲದವರು ಪೆನ್ನು ಹಿಡಿದು ಆ ಜಾಗದಲ್ಲಿ ನಿಲ್ಲುತ್ತಿದ್ದರು.

ಮೊನ್ನೆ ನಾನೂ ನನ್ನ ಯಜಮಾನರೂ ಕೂತು ಮಾತಾಡಿ, ಠೇವಣಿ ಮುರಿಸಿ ಮಗಳ ಮಾರ್ಜಿನ್ ಹಣದ ಅರ್ಧ ಕೊಡುವುದೆಂದು ನಿಶ್ಚಯಿಸಿದೆವು. ಅವಳಿಗೆ ಹೇಳಿದಾಗ ಅವಳ ಕಣ್ಣು ತುಂಬಿತು. ಆಮೇಲೆ ಅವಳೇ ತನ್ನ ಆಫೀಸಿನ ಒಬ್ಬ ಹುಡುಗಿಯ ಮಾತು ತೆಗೆದಳು. ಪಕ್ಕದ ಮೇಜು, ಇವಳಷ್ಟೇ ವಯಸ್ಸು, ಇವಳಷ್ಟೇ ಸಂಬಳ. ಅದರಲ್ಲಿ ಒಂದಿಷ್ಟು ತಂದೆತಾಯಿಗೆ ಕಳಿಸುತ್ತಾಳೆ, ಹತ್ತನೇ ಒಂದು ಪಾಲು ಉಳಿಸುತ್ತಾಳೆ. ಶುರುಮಾಡಿ ಒಂದೂವರೆ ವರ್ಷವಾಗಿದೆ. "ನೀನು ಹಾಕಿದ ಲೆಕ್ಕದ ಪ್ರಕಾರ ಅವಳಿಗೆ ಇನ್ನೂ ಹನ್ನೊಂದು ವರ್ಷ ಇದೆ ಅಮ್ಮ" ಎಂದಳು.

ಅಪ್ಪ ಕಿಟಕಿಯ ಪಕ್ಕ ಕೂತು ಕೇಳುತ್ತಿದ್ದರು. ಕಂತಿನ ಪುಸ್ತಕ ಇನ್ನೂ ಮೇಜಿನ ಮೇಲೇ ಇತ್ತು.

"ಆ ಹುಡುಗಿ ಅಪ್ಪನದು ಸ್ವಂತ ಮನೆ ಅಲ್ವೇನಮ್ಮ?" ಎಂದು ಕೇಳಿದರು.

"ಅಲ್ಲ ತಾತ, ಬಾಡಿಗೆ."

ಅಪ್ಪ ಪುಸ್ತಕವನ್ನು ಹತ್ತಿರ ಎಳೆದುಕೊಂಡು ನೀಲಿ ರಟ್ಟಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ನಮ್ಮಪ್ಪನದೂ ಬಾಡಿಗೆ ಮನೆಯೇ" ಎಂದರು.